ಪಿಯಾನೊ ಮದ್ದಲ್ಲ, ಮಗುವಿನ ಹಕ್ಕು

1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಉಪನ್ಯಾಸಮಾಲೆಯೊಂದನ್ನು ನೀಡಿದರು. ಬುದ್ಧಿಗೆ ಯಾವ ಊನವೂ ಇಲ್ಲದಿದ್ದರೂ ಒಂದೆಡೆ ನಿಲ್ಲದ, ಹಿಡಿದ ಕೆಲಸದಲ್ಲಿ ಮನಸ್ಸಿಡಲಾಗದ, ಶಿಕ್ಷೆಗೂ ಬಗ್ಗದ ಮಕ್ಕಳನ್ನು ಅವರು ವಿವರಿಸಿದರು. ಕಾರಣ ದೇಹದಲ್ಲೇ ಇರಬಹುದೆಂದು ಅವರು ಶಂಕಿಸಿದ್ದರು. ಆದರೂ ಆ ಸ್ಥಿತಿಯನ್ನು ನೈತಿಕ ನಿಯಂತ್ರಣದ ದೋಷವೆಂದೇ ಕರೆದರು. ಅವರು ಹೇಳಿದ ಲಕ್ಷಣಗಳಲ್ಲಿ ಹಲವನ್ನು ಇಂದು ನಾವು ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆ) ಎನ್ನುತ್ತೇವೆ. ಹೆಸರು ಬದಲಾದರೂ ತೀರ್ಪು ಮಾತ್ರ ಹಾಗೇ ಉಳಿದಿದೆ. ಪಿಯಾನೊ ಪಾಠದ ಕೋಣೆಯಲ್ಲಿ ಅದು ದಿನವೂ ಕೇಳಿಸುತ್ತದೆ: ‘ತಲೆ ಚುರುಕು, ಶ್ರದ್ಧೆ ಇಲ್ಲ’, ‘ಐದು ನಿಮಿಷ ಒಂದು ಕಡೆ ಕೂರಲ್ಲ’, ‘ಮನೇಲಿ ಶಿಸ್ತು ಕಲಿಸಿಲ್ಲ’.

ಈ ತೀರ್ಪು ತಪ್ಪು. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಎಡಿಎಚ್‌ಡಿಯಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದೆಂದು ಮತ್ತೆ ಮತ್ತೆ ತೋರಿಸಿವೆ. ಬೇಡದ ಸದ್ದನ್ನು ಬದಿಗಿಡುವುದು, ಈಗಷ್ಟೇ ಕೇಳಿದ ಮೂರು ಸೂಚನೆಗಳನ್ನು ನೆನಪಿನಲ್ಲಿ ಹಿಡಿದಿಡುವುದು, ಮುಂದಿನ ತಿಂಗಳ ಫಲಕ್ಕಾಗಿ ಇವತ್ತು ದುಡಿಯುವುದು ಈ ಮಕ್ಕಳಿಗೆ ಬಲು ಕಷ್ಟ. ಇಷ್ಟವಾದ ಆಟದಲ್ಲಿ ಇದೇ ಮಗು ಗಂಟೆಗಟ್ಟಲೆ ಮುಳುಗಿರುವುದನ್ನು ಕಂಡು ‘ಮನಸ್ಸು ಮಾಡಿದರೆ ಆಗತ್ತೆ’ ಎಂದು ಆರೋಪಿಸುತ್ತೇವೆ. ಆದರೆ ಗಮನವನ್ನು ಬೇಕಾದಾಗ ಬೇಕಾದ ಕಡೆಗೆ ತಿರುಗಿಸುವ ಹಿಡಿತವೇ ಅಲ್ಲಿ ದುರ್ಬಲ. ಚಡಪಡಿಸದೆ, ಸುಮ್ಮನೆ ಎಲ್ಲೋ ನೋಡುತ್ತ ಕೂರುವ ಹೆಣ್ಣುಮಕ್ಕಳಲ್ಲಂತೂ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪಿಯಾನೊ ಇಂಥ ಮಗುವಿನಿಂದ ಬಹಳವನ್ನು ಬೇಡುತ್ತದೆ. ಬಲಗೈಗೊಂದು ಸಾಲು, ಎಡಗೈಗೊಂದು ಸಾಲು, ಎರಡನ್ನೂ ಒಟ್ಟಿಗೆ ಓದಬೇಕು, ಯಾವ ಬೆರಳು ಎಲ್ಲಿ ಎಂಬುದು ನೆನಪಿರಬೇಕು, ಎಣಿಕೆ ತಪ್ಪಬಾರದು. ಆದರೆ ಈ ವಾದ್ಯಕ್ಕೆ ದೊಡ್ಡದೊಂದು ಔದಾರ್ಯವೂ ಇದೆ. ಪಿಟೀಲಿನಲ್ಲಿ ಶುದ್ಧ ಸ್ವರ ಹೊರಡಿಸಲು ತಿಂಗಳುಗಳೇ ಬೇಕು; ಶ್ರುತಿ ಮಾಡಿಟ್ಟ ಪಿಯಾನೊದಲ್ಲಿ ಕೀ ಒತ್ತಿದ ಕ್ಷಣವೇ ಸ್ವರ ಸರಿಯಾಗಿ ನುಡಿಯುತ್ತದೆ. ದೂರದ ಫಲಕ್ಕೆ ಕಾಯಲಾಗದ ಮಗುವಿಗೆ ಕೂಡಲೇ ಸಿಗುವ ಈ ಉತ್ತರ ಬಹಳ ದೊಡ್ಡದು.

ಇದನ್ನರಿತ ಶಿಕ್ಷಕರು ಅರ್ಧ ಗಂಟೆಯ ಪಾಠವನ್ನು ಸಣ್ಣ ಸಣ್ಣ ತುಂಡು ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಸೂಚನೆ. ಇಡೀ ಪುಟದ ಬದಲು ಎರಡೇ ಎರಡು ಬಾರ್ ಸ್ವರಲಿಪಿ. ಮಿಕ್ಕಿದ್ದನ್ನು ಹಾಳೆಯಿಂದ ಮುಚ್ಚುತ್ತಾರೆ. ಮೊದಲು ಒಂದು ಕೈ, ಆಮೇಲೆ ಇನ್ನೊಂದು. ನಡುವೆ ಎದ್ದು, ತಾಳಕ್ಕೆ ಹೆಜ್ಜೆ ಹಾಕಿ, ಚಪ್ಪಾಳೆ ತಟ್ಟಿ ಬಂದರೆ ಅದೂ ಪಾಠವೇ. ಸ್ವಿಟ್ಜರ್ಲೆಂಡಿನ ಸಂಗೀತ ಶಿಕ್ಷಕ ಜಾಕ್-ಡಾಲ್ಕ್ರೋಜ್ ನೂರು ವರ್ಷಕ್ಕೂ ಹಿಂದೆಯೇ ಲಯವನ್ನು ಇಡೀ ದೇಹದಿಂದ ಕಲಿಯುವ ಕ್ರಮ ರೂಪಿಸಿದ್ದರು. ಜಪಾನಿನ ಶಿನಿಚಿ ಸುಜುಕಿ, ಮಗು ಮಾತು ಕಲಿಯುವಂತೆಯೇ ಮೊದಲು ಕಿವಿಯಿಂದ ಸಂಗೀತ ಕಲಿಯಲಿ, ಓದುವುದು ಆಮೇಲೆ ಬರಲಿ ಎಂದರು. ಮನೆಯ ಅಭ್ಯಾಸಕ್ಕೂ ಇದೇ ನ್ಯಾಯ: ಕಣ್ಣೀರಿನ ಅರ್ಧ ಗಂಟೆಗಿಂತ ದಿನಕ್ಕೆರಡು ಬಾರಿ ಐದೈದು ನಿಮಿಷ ಮೇಲು. ಇವೆಲ್ಲ ಮಗುವಿಗೆ ತೋರುವ ರಿಯಾಯಿತಿಯಲ್ಲ. ಯಾವ ಮಗುವಿಗಾದರೂ ಒಳ್ಳೆಯ ಪಾಠ ಹೀಗೇ ಇರಬೇಕು.

ಇನ್ನೊಂದು ಎಚ್ಚರವೂ ಬೇಕು. ನಿಂದೆ ಬಿಟ್ಟವರು ಬಲು ಬೇಗ ಪವಾಡಕ್ಕೆ ಮರುಳಾಗುತ್ತಾರೆ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು: ಮೊಜಾರ್ಟ್ ಸಂಗೀತ ಕೇಳಿದ 36 ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಹೊತ್ತಿನ ಮಟ್ಟಿಗೆ ಹೆಚ್ಚು ಅಂಕ ಬಂದಿತ್ತು. ಅಷ್ಟರಿಂದಲೇ ಸಂಗೀತ ಮಕ್ಕಳನ್ನು ಜಾಣರಾಗಿಸುತ್ತದೆಂಬ ವ್ಯಾಪಾರ ಹಬ್ಬಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಧ್ವನಿಮುದ್ರಿಕೆ ಕೊಡಲು ಸರ್ಕಾರದ ಹಣ ಕೇಳಿದರು. ಆಮೇಲಿನ ವರ್ಷಗಳಲ್ಲಿ ಮಕ್ಕಳ ಸಂಗೀತ ಕಲಿಕೆಯ ಬಗೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದ ಸಂಶೋಧಕರಾದ ಸಾಲಾ ಮತ್ತು ಗೋಬೆ, ಪ್ರಯೋಗ ಕಟ್ಟುನಿಟ್ಟಾದಷ್ಟೂ ಜಾಣತನದ ಈ ಲಾಭ ಕರಗುತ್ತದೆಂದು ಕಂಡುಕೊಂಡರು. ಹಾಗಾಗಿ ಎಡಿಎಚ್‌ಡಿ ಇರುವ ಮಗುವಿಗೆ ‘ಮಾತ್ರೆ ಬಿಡಿಸಿ, ಪಿಯಾನೊಗೆ ಸೇರಿಸಿ’ ಎಂಬ ಸಲಹೆ ಅಪಾಯಕಾರಿ. ಚಿಕಿತ್ಸೆಯ ಮಾತನ್ನು ಮಕ್ಕಳ ಮನೋವೈದ್ಯರ ಜೊತೆ ಆಡಬೇಕು. ಸಂಗೀತ ಶಿಕ್ಷಕರ ಹೆಗಲಿಗೆ ಆ ಭಾರ ಹೊರಿಸಬಾರದು.

ಮದ್ದಲ್ಲದಿದ್ದರೆ ಕಲಿಸುವುದೇಕೆ? ಸಂಗೀತಕ್ಕಾಗಿಯೇ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ, ಕಲೆ ಮತ್ತು ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವುದು ಪ್ರತಿ ಮಗುವಿನ ಹಕ್ಕೆಂದು ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಅಂಕ ಏರಲಿ, ಏರದಿರಲಿ, ಆ ಹಕ್ಕು ಕುಗ್ಗುವುದಿಲ್ಲ.

ಬೆಂಗಳೂರಿನಲ್ಲೂ ಮಕ್ಕಳು ಎಬಿಆರ್‌ಎಸ್‌ಎಂ, ಟ್ರಿನಿಟಿ ಎಂಬ ಬ್ರಿಟನ್ನಿನ ಸಂಸ್ಥೆಗಳ ಸಂಗೀತದ ಗ್ರೇಡ್ ಪರೀಕ್ಷೆಗೆ ಕೂರುತ್ತಾರೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಹೆಚ್ಚಿನ ಸಮಯದಂಥ ಅನುಕೂಲಗಳನ್ನು ಈ ಸಂಸ್ಥೆಗಳು ಒದಗಿಸುತ್ತವೆ. ಮೊದಲೇ ತಿಳಿಸಿ ಕೇಳಬೇಕಷ್ಟೆ. ಆದರೆ ‘ಯಾರಿಗೂ ಹೇಳಬೇಡಿ’ ಎಂದು ಹೆದರುವ ಮನೆಯಲ್ಲಿ ಮಗು ಆ ನೆರವನ್ನೂ ಕಳೆದುಕೊಳ್ಳುತ್ತದೆ. ನಾಚಿಕೆಯ ಬೆಲೆಯನ್ನು ತೆರುವುದು ಮಗುವೇ.

ತನ್ನ ಮಿದುಳು ಹೇಗಿರಬೇಕೆಂದು ಆರಿಸಿಕೊಳ್ಳುವುದು ಮಗುವಿನ ಕೈಯಲ್ಲಿಲ್ಲ. ಪಾಠ ಹೇಗಿರಬೇಕೆಂದು ಆರಿಸಿಕೊಳ್ಳುವುದು ದೊಡ್ಡವರ ಕೈಯಲ್ಲಿದೆ. ಆಯ್ಕೆ ಯಾರದೋ ಹೊಣೆಯೂ ಅವರದೇ.