ಕಾಳು ಕೂಡಿಟ್ಟದ್ದು ಯಾರಿಗಾಗಿ?

ನವರಾತ್ರಿಯಲ್ಲಿ ಉತ್ತರ ಭಾರತದವರು ಅಕ್ಕಿ, ಗೋಧಿ ಬಿಟ್ಟು ಕುಟ್ಟು ಹಿಟ್ಟಿನ ಪೂರಿ ತಿನ್ನುತ್ತಾರೆ. ನಮ್ಮ ಅಂಗಡಿಗಳಲ್ಲಿ ಬಕ್‌ವೀಟ್ ಎಂದು ಸಿಗುವುದೂ ಅದೇ. ಹುಲ್ಲಿನ ಜಾತಿಯದಲ್ಲವಾದ್ದರಿಂದ ಉಪವಾಸಕ್ಕೆ ಸಲ್ಲುತ್ತದೆ. ಹಿಮಾಚಲದ ಕಿನ್ನೌರ್‌ನಲ್ಲಿ ಅದು ಓಗ್ಲಾ. ಅದರ ಕಹಿ ದಾಯಾದಿ ಫಾಫ್ರಾ.

ನೂರು ಗ್ರಾಂ ಕುಟ್ಟು ಕಾಳಿನಲ್ಲಿ ಸುಮಾರು 230 ಮಿಲಿಗ್ರಾಂ ಮೆಗ್ನೀಷಿಯಂ, 350ರಷ್ಟು ರಂಜಕ, ಎರಡು ಚಿಲ್ಲರೆ ಮಿಲಿಗ್ರಾಂ ಕಬ್ಬಿಣ, ಹೆಚ್ಚುಕಡಿಮೆ ಅಷ್ಟೇ ಸತು. ಪ್ರೋಟೀನು 13 ಗ್ರಾಂ. ಗೋಧಿಯಲ್ಲಿ ಕೊರತೆಯಾಗುವ ಲೈಸಿನ್ ಇದರಲ್ಲಿ ಧಾರಾಳ. ಅಂಕಿ ಓದಿದಾಗಲೆಲ್ಲ ನನ್ನನ್ನು ಕಾಡುವುದು ಒಂದೇ: ಇಷ್ಟನ್ನೂ ಆ ಗಿಡ ಕೂಡಿಟ್ಟದ್ದು ಯಾರಿಗಾಗಿ?

ಮುಮ್ಮೂಲೆಯ ಕಪ್ಪು ಸಿಪ್ಪೆ ಸುಲಿದು ಕಾಳನ್ನು ಅಡ್ಡಡ್ಡ ಕೊಯ್ದು ನೋಡಬೇಕು. ಗೋಧಿಯಲ್ಲಿ ಭ್ರೂಣ ಒಂದು ತುದಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಬಿಳಿ ಪಿಷ್ಟದ ನಡುವೆಯೇ ಎರಡು ತೆಳು ಬೀಜದಳಗಳು ಮಡಚಿಕೊಂಡು, ಸುತ್ತಿಕೊಂಡು ಮಲಗಿವೆ. ಖನಿಜದ ಬಹುಪಾಲು ಇರುವುದು ಅವುಗಳಲ್ಲಿ, ಮತ್ತು ಪಿಷ್ಟವನ್ನು ಹೊದ್ದ ಹೊರಪದರದಲ್ಲಿ. ಜಪಾನಿನ ಸಾರಾಶಿನಾ ಸೋಬಾ ಎಂಬ ನೂಡಲ್ಸ್‌ಗೆ ನಡುವಿನ ಬಿಳಿ ಹಿಟ್ಟನ್ನಷ್ಟೇ ಬೇರ್ಪಡಿಸಿಕೊಳ್ಳುತ್ತಾರೆ. ನಯ ಸಿಗುತ್ತದೆ, ಖನಿಜ ಬಹಳಷ್ಟು ಹೋಗುತ್ತದೆ.

ಉಳಿದದ್ದೂ ಪೂರ್ತಿ ನಮ್ಮ ಕೈಗೆ ಸಿಗುವುದಿಲ್ಲ. ರಂಜಕ ಅಲ್ಲಿ ಫೈಟಿಕ್ ಆಮ್ಲವಾಗಿ ಕೂತು ಮೆಗ್ನೀಷಿಯಂ, ಸತು, ಕಬ್ಬಿಣವನ್ನು ಬಿಗಿಹಿಡಿದಿರುತ್ತದೆ. ನಮ್ಮ ಕರುಳಿಗೆ ಆ ಹಿಡಿತ ಸಡಿಲಿಸುವುದು ಕಷ್ಟ. ಅದಕ್ಕೇ ಆ ಆಮ್ಲದ ಮೇಲೆ ಪೋಷಣೆಗೆ ಅಡ್ಡಿ ಎಂಬ ಹಣೆಪಟ್ಟಿ. ಅದು ಅನ್ಯಾಯವೆಂದೇ ನನ್ನ ಅನಿಸಿಕೆ. ನೀರು ತಾಗಿ ಮೊಳಕೆ ಏಳುವಾಗ ಫೈಟೇಸ್ ಕಿಣ್ವ ಚುರುಕಾಗಿ ಕಟ್ಟು ಬಿಚ್ಚುತ್ತದೆ. ಬೇರು ಇನ್ನೂ ಮಣ್ಣಿಗಿಳಿಯದ ಸಸಿಗೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಅದು.

ತಾಯಿಗಿಡಕ್ಕಾದರೂ ಅದು ಸ್ವಂತದ್ದಲ್ಲ. ಮೆಗ್ನೀಷಿಯಂ ಅನ್ನು ಯಾವ ಗಿಡವೂ ತಯಾರಿಸಲಾರದು; ಕಲ್ಲು ಸವೆದು ಆದ ಮಣ್ಣಿನಿಂದ ಎತ್ತಿಕೊಳ್ಳಬೇಕು. ಬಡ ನೆಲದಲ್ಲೂ ಬೇರಿನಿಂದ ಆಮ್ಲ ಸ್ರವಿಸಿ ರಂಜಕ ಬಿಡಿಸಿಕೊಳ್ಳುವುದು ಕುಟ್ಟುವಿಗೆ ಗೊತ್ತು. ಕ್ಯಾಲ್ಸಿಯಂ ಮಾತ್ರ ನೂರು ಗ್ರಾಂ ಕಾಳಿಗೆ 20 ಮಿಲಿಗ್ರಾಂ ಆಸುಪಾಸು. ನಮ್ಮ ರಾಗಿಯಲ್ಲಿ ಸುಮಾರು 350. ಯಾವುದು ಹೆಚ್ಚು ಎಂದು ತೂಗಲು ನನಗೆ ಮನಸ್ಸಿಲ್ಲ. ಒಂದೊಂದು ಗಿಡವೂ ತನ್ನ ಸಸಿಗೆ ಬೇಕಾದಷ್ಟನ್ನು ಆಯ್ದಿದೆ, ನಮ್ಮ ಮೂಳೆಯನ್ನೋ ರಕ್ತವನ್ನೋ ನೆನೆದು ಅಲ್ಲ.

ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹಿಟ್ಟು ಮಾಡಿ ಕೂಸಿಗೆ ಸರಿ ಕಾಯಿಸುವ ತಾಯಂದಿರು ಬುತ್ತಿಯ ಗಂಟು ಬಿಚ್ಚುವ ತನಕ ಕಾಯುತ್ತಾರೆ. ಹುರಿಯದ ಕುಟ್ಟು ಕಾಳನ್ನೂ ಹೀಗೆ ಮೊಳೆಸಬಹುದು. ಆಗ ಸತು, ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತವೆ. ಆದರೆ ಆಗ ನಾವು ತಿನ್ನುತ್ತಿರುವುದು ಬೆಳೆಯಲು ಹೊರಟೇಬಿಟ್ಟಿದ್ದ ಸಸಿಯನ್ನು. ಅದಕ್ಕೆ ನನ್ನಲ್ಲಿ ಸಮಾಧಾನದ ಮಾತಿಲ್ಲ.