ಎರಡು ಆಸನ, ಹನ್ನೆರಡು ಜನ

ಸತ್ಯವೇದ ತೆಗೀರಿ. ಮಾರ್ಕನ ಸುವಾರ್ತೆ 10ನೇ ಅಧ್ಯಾಯ, 35ನೇ ವಚನದಿಂದ ಕೊನೆಯವರೆಗೆ. ಭಾಗ ಸ್ವಲ್ಪ ಉದ್ದ ಇದೆ. ಮನೆಗೆ ಹೋಗಿ ಇನ್ನೊಂದು ಸಲ ನಿಧಾನವಾಗಿ ಓದ್ಕೊಳ್ಳಿ.

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ತಂಗಿ ಬಂದಳು. ಡಿಗ್ರಿ ಮುಗಿಸಿದ್ದಾಳೆ. ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆ ಬರೆದು ಪಾಸಾಗಿದ್ದಾಳೆ. ಮೈಸೂರಿನ ಆಯ್ಕೆ ಮಂಡಳಿಯಿಂದ ಸಂದರ್ಶನಕ್ಕೆ ಕರೆ ಬಂದಿದೆ. ನಮ್ಮ ನಲ್ಲೂರಿನಿಂದ! ಹಲ್ಲೆಲೂಯಾ. "ಅಯ್ಯನವರೇ, ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ. ಬರೀ ಪೈಲಟ್ ಆಗೋದಲ್ಲ, ನನಗೆ ಫೈಟರೇ ಸಿಗಬೇಕು ಅಂತ ಕೇಳಿ" ಅಂದಳು. ಕೈ ಇಟ್ಟೆ. ಬಾಯಿ ತೆರೆಯೋಕೆ ಆಗಲಿಲ್ಲ. ಸುಮ್ಮನೆ ಆಶೀರ್ವಾದ ಹೇಳಿ ಕಳಿಸಿಬಿಟ್ಟೆ. ಆ ಹುಡುಗಿಯ ಮುಖ ಬಾಡಿತು, ನಾನು ನೋಡಿದೆ. ಯಾಕೆ ಸುಮ್ಮನಾದೆ ಅಂತ ಅವಳಿಗೂ ನಿಮಗೂ ಹೇಳಬೇಕು.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸ್ತೀನಿ. ಆಯ್ಕೆಯಾದವರು ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಗೆ ಹೋಗ್ತಾರೆ. ಅಲ್ಲಿ ಮೊದಲು ಎಲ್ಲರೂ ಪಿಲಾಟಸ್ ಅನ್ನೋ ಸಣ್ಣ ವಿಮಾನದಲ್ಲಿ ಹಾರೋದು ಕಲೀತಾರೆ. ಆಮೇಲೆ ಮೂರು ದಾರಿ: ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್. ನಿನಗೆ ಯಾವುದು ಇಷ್ಟ ಅಂತ ಕೇಳ್ತಾರೆ. ಆದರೆ ಅಂಕ, ಹಾರಿಸುವ ಕೈಯ ಹದ, ಪಡೆಯ ಅಗತ್ಯ ಇವೆಲ್ಲ ಸೇರಿಯೇ ಪಟ್ಟಿ ಆಗೋದು. ಫೈಟರ್‌ನವರು ಮುಂದೆ ನಮ್ಮ ಬೀದರ್‌ನಲ್ಲಿ ಹಾಕ್ ಜೆಟ್ ಹಾರಿಸ್ತಾರೆ. ಟ್ರಾನ್ಸ್‌ಪೋರ್ಟ್‌ನವರು ಯಲಹಂಕಕ್ಕೆ, ಹೆಲಿಕಾಪ್ಟರ್‌ನವರು ಹಕೀಂಪೇಟೆಗೆ. ಹುಡುಗರ ಮನಸ್ಸಿನಲ್ಲಿ ಫೈಟರ್ ಅಂದ್ರೆ ರಾಶಿ, ಮಿಕ್ಕಿದ್ದೆಲ್ಲ ಗೊರಬಲು. ಚನ್ನಗಿರಿ ಸೀಮೆಯವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಹೆಣ್ಣುಮಕ್ಕಳಿಗೆ ಫೈಟರ್ ದಾರಿಯೇ ಇರಲಿಲ್ಲ. 2016ರಲ್ಲಿ ಮೊದಲ ಮೂವರು ಬಂದರು. 2018ರಲ್ಲಿ ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ ಆ ದಾರಿ ಹಿಡಿದರು. ಹಾಗಾಗಿ ನಮ್ಮ ತಂಗಿ ಆಸೆಪಟ್ಟದ್ದು ಅತಿಯಾಸೆ ಅಂತ ಯಾರೂ ಅನ್ನಬೇಡಿ.

ಈಗ ನನ್ನ ವಿಷಯ. ಕೆಲವು ವರ್ಷಗಳ ಹಿಂದೆ ಇದೇ ಸಭೆಯಿಂದ ಒಬ್ಬ ತಮ್ಮ ವಾಯುಪಡೆಗೆ ಹೋದ. ಅವನ ತಾಯಿ ಅಡಿಕೆ ಸುಲಿದು ಓದಿಸಿದವರು. ಅವರ ಅಪ್ಪಣೆ ಕೇಳಿಯೇ ಇದನ್ನ ಹೇಳ್ತಿದ್ದೀನಿ. ಪಟ್ಟಿ ಬರುವ ಮುಂಚೆ ಆ ತಾಯಿ 21 ದಿನ ಉಪವಾಸ ಹಿಡಿದರು. ಕೊನೆಯ ಭಾನುವಾರ ಮಗನನ್ನ ವಿಡಿಯೊ ಕಾಲ್‌ನಲ್ಲಿ ಕರೆದು ಫೋನನ್ನ ನನ್ನ ಮುಂದೆ ಹಿಡಿದರು. ಸಭೆಯಲ್ಲಿ ಚಪ್ಪಾಳೆ, ಹಾಡು, ಕಣ್ಣೀರು. ಆ ಬಿಸಿಯಲ್ಲಿ ನಾನು ಗಟ್ಟಿಯಾಗಿ ಹೇಳಿದೆ: "ಕರ್ತನು ಹೇಳ್ತಿದ್ದಾನೆ, ಮಗನೇ, ನೀನು ಫೈಟರ್ ಹಾರಿಸ್ತೀ!" ಎಲ್ಲರೂ ಆಮೆನ್ ಅಂದರು. ಆ ತಾಯಿ ಸಂತೆಯಲ್ಲೂ ಬಸ್ಸಿನಲ್ಲೂ ಸಾಕ್ಷಿ ಹೇಳಿದರು.

ಹತ್ತು ದಿನ ಬಿಟ್ಟು ರಾತ್ರಿ ಫೋನ್ ಬಂತು. "ಅಯ್ಯನವರೇ, ಯಲಹಂಕ" ಅಂದ. ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಕರ್ತನು ಮಾತು ಬದಲಿಸಿದನಾ, ಇಲ್ಲಾ ನೀವು ಕೇಳಿಸಿಕೊಂಡದ್ದು ತಪ್ಪಾ?"

ಆವಾಗ ನಾನು ಕೊಟ್ಟ ಉತ್ತರ ನೆನೆಸಿಕೊಂಡ್ರೆ ಈಗಲೂ ನಾಚಿಕೆ. "ನಿನ್ನ ವಿಶ್ವಾಸದಲ್ಲೇ ಎಲ್ಲೋ ಕೊರತೆ ಇರಬೇಕು, ಪರೀಕ್ಷಿಸಿಕೋ" ಅಂದೆ. ಧರ್ಮೋಪದೇಶಕಾಂಡ 18ರಲ್ಲಿ ಮೋಶೆ ಸ್ಪಷ್ಟವಾಗಿ ಹೇಳಿದ್ದಾನೆ, ಕರ್ತನ ಹೆಸರಲ್ಲಿ ಹೇಳಿದ್ದು ನಡೆಯದಿದ್ದರೆ ಆ ಮಾತು ಕರ್ತನದ್ದಲ್ಲ, ಹೇಳಿದವನ ಅಹಂಕಾರದ್ದು. ಆ ಅಧ್ಯಾಯದ ಮೇಲೆ ಎಷ್ಟೋ ಸಲ ಬೋಧಿಸಿದೀನಿ. ಆ ರಾತ್ರಿ ನನ್ನ ಅಹಂಕಾರವನ್ನ ಆ ಹುಡುಗನ ತಲೆಗೆ ಕಟ್ಟಿದೆ. ಪ್ರವಾದನೆಯ ವರವನ್ನ ನಾನು ಅಲ್ಲಗಳೆಯೋದಿಲ್ಲ. ಆ ದಿನ ನನ್ನ ಬಾಯಲ್ಲಿ ಬಂದದ್ದು ವರ ಆಗಿರಲಿಲ್ಲ, ಅಷ್ಟೇ. ಅವನು ಮತ್ತೆ ಫೋನ್ ಮಾಡಲಿಲ್ಲ.

ಈಗ ವಾಕ್ಯಕ್ಕೆ ಬರೋಣ. ಜೆಬೆದಾಯನ ಮಕ್ಕಳು ಯಾಕೋಬ, ಯೋಹಾನ ಯೇಸುಸ್ವಾಮಿ ಹತ್ತಿರ ಬಂದು ಒಂದು ಬೇಡಿಕೆ ಇಡ್ತಾರೆ. ನಿನ್ನ ಮಹಿಮೆಯಲ್ಲಿ ನಮ್ಮಿಬ್ಬರಿಗೆ ಬಲಗಡೆ ಎಡಗಡೆ ಆಸನ ಕೊಡು ಅಂತ. ಸ್ವಾಮಿ ಬೈಯಲಿಲ್ಲ, ಗಮನಿಸಿ. ಮೊದಲು ನಿಮಗೆ ಏನು ಬೇಕು ಅಂತಲೇ ಕೇಳಿದ. ಅದೇ ಅಧ್ಯಾಯದ ಕೊನೆಗೆ ಯೆರಿಕೋ ದಾರಿಯಲ್ಲಿ ಕುರುಡ ಬಾರ್ತಿಮಾಯ ಕೂಗ್ತಾನೆ. ಅವನಿಗೂ ಅದೇ ಪ್ರಶ್ನೆ, ನಿನಗೆ ಏನು ಬೇಕು ಅಂತ. ಬಾರ್ತಿಮಾಯ ಕಣ್ಣು ಕೇಳಿದ, ಸಿಕ್ಕಿತು. ಶಿಷ್ಯರು ಆಸನ ಕೇಳಿದರು, ಅದು ಕೊಡೋದು ನನ್ನದಲ್ಲ ಅಂದುಬಿಟ್ಟ. ಪ್ರಶ್ನೆ ಒಂದೇ ಇದ್ದು ಉತ್ತರ ಯಾಕೆ ಬೇರೆ?

ನಾವೆಲ್ಲ ಏನು ಹೇಳ್ತೀವಿ? ಶಿಷ್ಯರಿಗೆ ಹೆಮ್ಮೆ, ಕುರುಡನಿಗೆ ದೀನತೆ, ಅದಕ್ಕೇ ಅಂತ. ನಾನೂ ಹಾಗೇ ಬೋಧಿಸುತ್ತಿದ್ದೆ. ಈಗ ನನಗೆ ಬೇರೆ ಒಂದು ಕಾಣುತ್ತೆ. ಬಾರ್ತಿಮಾಯನಿಗೆ ಕಣ್ಣು ಬಂದರೆ ಯಾರ ಕಣ್ಣೂ ಹೋಗಲ್ಲ. ಆಸನ ಇರೋದು ಎರಡು, ಶಿಷ್ಯರು ಹನ್ನೆರಡು ಜನ. ಮಿಕ್ಕ ಹತ್ತು ಜನಕ್ಕೆ ಸಿಟ್ಟು ಬಂತು ಅಂತ ಮಾರ್ಕನು ಬರೆದಿದ್ದಾನೆ. ಬರದೇ ಇರುತ್ತಾ?

ನಾವು ಭದ್ರಾ ನಾಲೆಯ ನೀರು ಕುಡಿದ ಜನ. ಮಳೆ ಬೇಕು ಅಂತ ಪ್ರಾರ್ಥಿಸೋದು ಒಂದು. ನನ್ನ ತೂಬಿಗೆ ನೀರು ಜಾಸ್ತಿ ಬರಲಿ ಅಂತ ಪ್ರಾರ್ಥಿಸೋದು ಇನ್ನೊಂದು. ನಾಲೆಯ ತಲೆಯಲ್ಲಿರುವವನು ತೂಬು ಎತ್ತಿದರೆ ಕೊನೆ ಭಾಗದವನ ಗದ್ದೆ ಬಿರಿಯುತ್ತೆ. ಅವನೂ ಮಂಡಿಯೂರಿದ್ದಾನೆ. ಇಬ್ಬರ ಪ್ರಾರ್ಥನೆಯೂ ಒಬ್ಬನೇ ದೇವರ ಕಿವಿಗೆ ಹೋಗುತ್ತೆ.

ಇದನ್ನ ಸಭೆಯ ಒಬ್ಬ ಹಿರಿಯ ಸಹೋದರರ ಹತ್ತಿರ ಹೇಳಿದಾಗ ಅವರು ಬಿಡಲಿಲ್ಲ. "ಅಯ್ಯನವರೇ, ಹಾಗಂದ್ರೆ ಮೆಡಿಕಲ್ ಸೀಟಿಗೆ, ಕೆಲಸಕ್ಕೆ, ಸೈಟಿಗೆ ಯಾವುದಕ್ಕೂ ಪ್ರಾರ್ಥನೆ ಮಾಡೋ ಹಾಗಿಲ್ವಾ? ಎಲ್ಲಾನೂ ಲೆಕ್ಕದ ಸೀಟೇ ಅಲ್ವಾ? ಇದು ಅವಿಶ್ವಾಸಕ್ಕೆ ಹಾಕಿದ ಬಿಳಿ ಬಟ್ಟೆ" ಅಂದರು. ಮಾತಿನಲ್ಲಿ ತೂಕ ಇದೆ. ರೋಗಿಯ ತಲೆ ಮೇಲೆ ಕೈ ಇಟ್ಟಾಗ ನಾನು ಇವತ್ತಿಗೂ ಧೈರ್ಯವಾಗಿ ಕೇಳ್ತೀನಿ, ಹಿಂಜರಿಯಲ್ಲ. ಹನ್ನಳು ಬಂಜೆತನದಲ್ಲಿ ಅತ್ತು ಕೇಳಿದಳು, ದೇವರು ಸಮುವೇಲನನ್ನ ಕೊಟ್ಟ. ಆಸೆಯನ್ನ ದೇವರ ಮುಂದೆ ಮುಚ್ಚಿಡಿ ಅಂತ ನಾನು ಹೇಳ್ತಿಲ್ಲ. ಆದರೆ "ನನಗೆ ಇದು ಇಷ್ಟ" ಅನ್ನೋದು ಬೇರೆ, "ಈ ಜಾಗ ನನ್ನದು, ಯೇಸುವಿನ ನಾಮದಲ್ಲಿ ಹಕ್ಕು ಸಾಧಿಸ್ತೀನಿ" ಅನ್ನೋದು ಬೇರೆ. ಎರಡನೆಯದರಲ್ಲಿ ಇನ್ನೊಬ್ಬರ ಹೆಸರನ್ನ ನಾವು ಹೊಡೆದು ಹಾಕ್ತಿರ್ತೀವಿ, ಅವರ ಹೆಸರು ಕೂಡ ಕೇಳದೆ.

ಇನ್ನೊಂದು, ಆಸನದ ಜೊತೆಗೆ ಪಾತ್ರೆ ಇದೆ. ನಾನು ಕುಡಿಯುವ ಪಾತ್ರೆಯಲ್ಲಿ ಕುಡೀತೀರಾ ಅಂತ ಸ್ವಾಮಿ ಕೇಳಿದ. ಆಗುತ್ತೆ ಅಂದುಬಿಟ್ಟರು, ಒಳಗೆ ಏನಿದೆ ಅಂತ ನೋಡದೆ. ಗೊಲ್ಗೊಥಾದಲ್ಲಿ ಬಲಗಡೆ ಎಡಗಡೆ ಇದ್ದವರು ಇಬ್ಬರು ಕಳ್ಳರು. ಯಾಕೋಬನನ್ನ ಮುಂದೆ ಹೆರೋದನು ಕತ್ತಿಯಿಂದ ಕೊಲ್ಲಿಸಿದ. ಫೈಟರ್ ಕೊಡು ಅಂತ ಕೇಳುವಾಗ ಆ ರೆಕ್ಕೆಯ ಕೆಳಗೆ ನೇತಾಡೋದು ಏನು, ಅದು ಬೀಳೋದು ಯಾರ ಮೇಲೆ ಅಂತ ನಾವು ಪ್ರಾರ್ಥನೆಯಲ್ಲಿ ಹೇಳೋದೇ ಇಲ್ಲ. ದೇಶ ಕಾಯೋದು ಬೇಡ ಅನ್ನುವವನು ನಾನಲ್ಲ. ಕೇಳುವುದನ್ನ ಪೂರ್ತಿ ಹೆಸರಿಟ್ಟು ಕೇಳಿ ಅಂತಷ್ಟೇ.

ಕೊಡಗಿನ ಅಜ್ಜಮಾಡ ದೇವಯ್ಯ ಅವರ ವಿಷಯ ಕೇಳಿದೀರಾ? ಅವರ ಮೇಲೆ ಈಗ ಹಿಂದಿ ಸಿನಿಮಾನೂ ಬಂತಂತೆ, ಯುವಕರು ಹೇಳಿದರು. ನಾನು ನೋಡಿಲ್ಲ, ನೀವು ನೋಡಿದ್ದನ್ನ ನಾನು ಕೇಳಿಲ್ಲ ಅಂದ್ಕೋತೀನಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹನ್ನೆರಡು ಮಿಸ್ಟೇರ್ ವಿಮಾನಗಳು ಹೊರಡಬೇಕಿತ್ತು. ಆ ಹನ್ನೆರಡರಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯ ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಒಂದು ವಿಮಾನ ಹಿಂದೆ ಉಳಿಯಿತು, ಇವರು ಸೇರಿಕೊಂಡರು. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್. ಇವರದು ಅದರ ಮುಂದೆ ನಿಧಾನದ ಹಳೆಯ ವಿಮಾನ. ಪೆಟ್ಟು ತಿಂದ ಮೇಲೂ ತಿರುಗಿ ನಿಂತು ಅದನ್ನ ಉರುಳಿಸಿದರು. ವಾಪಸ್ ಬರಲಿಲ್ಲ. ಏನಾಯ್ತು ಅಂತ ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪಾಕಿಸ್ತಾನದ ವಾಯುಪಡೆ ಬಗ್ಗೆ ಬರೆದ ಪುಸ್ತಕದಿಂದ ವಿಷಯ ಹೊರಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಆದ ಮೇಲೆ.

ಆ ಬೆಳಿಗ್ಗೆ ಅವರ ಮನೆಯವರು ನನ್ನ ಹತ್ತಿರ ಬಂದು ಪ್ರಾರ್ಥನೆ ಮಾಡಿ ಅಂದಿದ್ದರೆ ನಾನು ಏನಂತ ಕೇಳಬೇಕಿತ್ತು? ಪಟ್ಟಿಯಲ್ಲಿ ಹೆಸರು ಬರಲಿ ಅಂತಲೋ, ಬಾರದಿರಲಿ ಅಂತಲೋ? ಹೇಳಿ ನೋಡೋಣ.

ಅಪೊಸ್ತಲರ ಕೃತ್ಯಗಳ ಮೊದಲನೇ ಅಧ್ಯಾಯದಲ್ಲೂ ಹನ್ನೆರಡನೆಯ ಜಾಗ ಖಾಲಿ ಇತ್ತು. ಇಬ್ಬರನ್ನ ನಿಲ್ಲಿಸಿದರು, ಚೀಟು ಹಾಕಿದರು. ಮತ್ತೀಯನ ಹೆಸರು ಬಂತು. ಬಾರದೇ ಹೋದವನು ಯೋಸೇಫ, ಬಾರ್ಸಬ ಅಂತ ಕರೀತಿದ್ದರು. ಅವನ ವಿಶ್ವಾಸ ಕಡಿಮೆ ಇತ್ತು ಅಂತ ಲೂಕನು ಬರೆದಿಲ್ಲ. ನಾನಾಗಿದ್ದರೆ ಬರೀತಿದ್ದೆನೇನೋ.

2019ರ ಜೂನ್ 3. ಜೋರ್ಹಾಟ್‌ನಿಂದ ಅರುಣಾಚಲದ ಮೆಚುಕಾಗೆ ಹೊರಟ ಎಎನ್-32 ವಿಮಾನ ಕಾಣೆಯಾಯಿತು. 13 ಜನ ಇದ್ದರು. ನಮ್ಮ ತಮ್ಮನೂ ಅದೇ ಜಾತಿಯ ವಿಮಾನ ಹಾರಿಸುವವನು. ಆ ತಾಯಿ ಟಿವಿಯಲ್ಲಿ ನೋಡಿ ಬರಿಗಾಲಲ್ಲಿ ನಮ್ಮ ಮನೆಗೆ ಓಡಿ ಬಂದರು. ಮಗನಿಗೆ ಫೋನ್ ಹತ್ತುತ್ತಿಲ್ಲ. ರಾತ್ರಿ ಒಂಬತ್ತಕ್ಕೆ ಅವನೇ ಮಾಡಿದ, ಬೇರೆ ಕಡೆ ಕ್ಷೇಮವಾಗಿದ್ದ. ನಾನು "ಕರ್ತನಿಗೆ ಸ್ತೋತ್ರ!" ಅಂತ ಕೂಗಿದೆ. ಆ ತಾಯಿ ಕೂಗಲಿಲ್ಲ. "ಅಯ್ಯನವರೇ, ಇನ್ನು ಹದಿಮೂರು ಮನೆಯಲ್ಲಿ ಫೋನ್ ಬರಲ್ಲ" ಅಂದರು. ಜೂನ್ 11ಕ್ಕೆ ಕಾಡುಬೆಟ್ಟದಲ್ಲಿ ಅವಶೇಷ ಸಿಕ್ಕಿತು. ಯಾರೂ ಉಳಿದಿರಲಿಲ್ಲ. ಆ ಎಂಟು ದಿನವೂ ಆ ತಾಯಿ ಹೆಸರು ಗೊತ್ತಿಲ್ಲದ ಮನೆಗಳಿಗೋಸ್ಕರ ಒಂದು ಹೊತ್ತು ಊಟ ಬಿಟ್ಟಿದ್ದರು. ಓದು ಬರಹ ಇಲ್ಲದ ಹೆಂಗಸು. ವೇದಪಾಠ ಶಾಲೆ ಮುಗಿಸಿದ ನನಗೆ ಅದು ಹೊಳೆದಿರಲಿಲ್ಲ.

ಆ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಅವನು ರಜೆಗೆ ಬಂದ. ನಾನೇ ಅವನ ಮನೆಗೆ ಹೋದೆ. ಬೇಯಿಸಿದ ಅಡಿಕೆ ಅಂಗಳದ ತುಂಬಾ ಒಣಗ್ತಿತ್ತು. "ತಪ್ಪಾಯ್ತು ಕಣಪ್ಪಾ. ಕರ್ತನು ಹೇಳದೇ ಇದ್ದದ್ದನ್ನ ಹೇಳಿದೆ, ಆಮೇಲೆ ತಪ್ಪು ನಿನ್ನ ಮೇಲೆ ಹಾಕಿದೆ. ಕ್ಷಮಿಸು" ಅಂದೆ. ಅವನು ಬಹಳ ಹೊತ್ತು ಅಡಿಕೆ ಕೈಯಾಡಿಸ್ತಾ ಇದ್ದ. ಆಮೇಲೆ ಹೇಳಿದ. ಅಕಾಡೆಮಿಯಲ್ಲಿ ಅವನ ಪಕ್ಕದ ಮಂಚದಲ್ಲಿ ಪಂಜಾಬಿನ ಹುಡುಗನೊಬ್ಬ ಇದ್ದನಂತೆ. ಫೈಟರ್ ಅವನಿಗೆ ಸಿಕ್ಕಿತು. ಅವನ ತಾಯಿಯೂ ಆ ದಿನಗಳಲ್ಲಿ ದಿನಾ ಬೆಳಿಗ್ಗೆ ಗುರುದ್ವಾರಕ್ಕೆ ನಡೆದು ಹೋಗಿ ಕೇಳಿಕೊಳ್ತಿದ್ದರಂತೆ. "ಅಯ್ಯನವರೇ, ದೇವರು ಯಾವ ಅಮ್ಮನ ಮಾತು ಕೇಳಬೇಕಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ನಾನಾಗಿದ್ದರೆ ನಮ್ಮವರದೇ ಅಂತ ಥಟ್ಟನೆ ಹೇಳಿಬಿಡ್ತಿದ್ದೆ. ಈಗ ಆಗಲಿಲ್ಲ. ಅವನು ಲಡಾಖಿಗೆ ದಿನಸಿ, ಔಷಧಿ, ರಜೆಗೆ ಹೊರಟ ಸೈನಿಕರನ್ನ ಹೊತ್ತ ಕಥೆ ಹೇಳಿದ. ಕೆಲಸ ಇಷ್ಟ ಆಗಿದೆಯಾ ಅಂದೆ. ಆಗಿದೆ ಅಂದ. "ಆದರೂ ಫೈಟರ್ ಮೇಲೆ ಹೋದಾಗ ತಲೆ ಎತ್ತಿ ನೋಡ್ತೀನಿ. ಹೊಟ್ಟೆಯಲ್ಲಿ ಚುರುಕ್ ಅನ್ನುತ್ತೆ." ನಾನು ಅದಕ್ಕೆ ವಾಕ್ಯ ಹೇಳಿ ಸಮಾಧಾನ ಮಾಡಲಿಲ್ಲ. ಪೌಲನ ಮುಳ್ಳು ಮೂರು ಸಲ ಬೇಡಿಕೊಂಡರೂ ಹೋಗಲಿಲ್ಲ ಅಲ್ವಾ.

ಇಷ್ಟು ಹಿಂದಿನದು. ನಮ್ಮ ತಂಗಿ ಬುಧವಾರ ದಾವಣಗೆರೆಯಿಂದ ರೈಲು ಹತ್ತುತ್ತಾಳೆ. ಮೈಸೂರಿನಲ್ಲಿ ಪೈಲಟ್ ಆಗಲು ಯೋಗ್ಯಳಾ ಅಂತ ನೋಡುವ ಯಂತ್ರದ ಪರೀಕ್ಷೆ ಇದೆ, ಜೀವಮಾನದಲ್ಲಿ ಒಂದೇ ಸಲ. ಸೋತರೆ ಮತ್ತೆ ಅವಕಾಶ ಇಲ್ಲ. ಆಮೇಲೆ ವೈದ್ಯರ ಅಳತೆ. ಎತ್ತರ 162.5 ಸೆಂಟಿಮೀಟರ್ ಬೇಕು, ಕಾಲು 99ಕ್ಕಿಂತ ಕಡಿಮೆ ಇರಬಾರದು, ತೊಡೆ 64ಕ್ಕಿಂತ ಉದ್ದ ಇರಬಾರದು. ಅಪಾಯದಲ್ಲಿ ಸೀಟು ಹೊರಗೆ ಚಿಮ್ಮುವಾಗ ಮಂಡಿ ಬಡಿಯಬಾರದಲ್ಲ, ಅದಕ್ಕೆ. ಅವಳ ಅಪ್ಪ ದರ್ಜಿಯ ಟೇಪ್ ತಂದು ಮನೆಯಲ್ಲೇ ಅಳೆದರಂತೆ. ಚಿಂತೆ ಮಾಡಿ ಒಂದು ಮೊಳ ಬೆಳೆಯೋಕೆ ಆಗುತ್ತಾ ಅಂತ ಸ್ವಾಮಿ ಕೇಳಿದ್ದನ್ನ ನಾನು ಬೋಧಿಸಿದ್ದೆ, ಟೇಪ್ ಹಿಡಿದವರ ಮುಂದೆ ಅಲ್ಲ.

ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲದಾಗ ಆತ್ಮನೇ ನರಳಾಟದಿಂದ ಬೇಡಿಕೊಳ್ತಾನೆ ಅಂತ ರೋಮಾಪುರದವರಿಗೆ 8:26ರಲ್ಲಿ ಇದೆ. ನಾವು ಅನ್ಯಭಾಷೆಯ ಜನ, ಈ ವಚನ ನಮಗೆ ಬಾಯಿಪಾಠ. ಗೊತ್ತಿಲ್ಲ ಅಂತ ಒಪ್ಪಿಕೊಂಡದ್ದು ಮಾತ್ರ ಕಡಿಮೆ.

ಬಾ ತಂಗಿ, ಮುಂದೆ ಬಾ. ಸಭೆಯವರೆಲ್ಲ ಎದ್ದು ನಿಲ್ಲಿ.

ಅಪ್ಪಾ, ಈ ಮಗಳಿಗೆ ಫೈಟರ್ ಬೇಕಂತೆ. ನಿನ್ನ ಹತ್ತಿರ ಮುಚ್ಚಿಡೋದೇನಿದೆ, ಕೇಳ್ತಿದ್ದೀವಿ. ಬುಧವಾರದ ಪ್ರಯಾಣದಲ್ಲಿ ಜೊತೆಗಿರು. ಆ ಹಾಲ್‌ನಲ್ಲಿ ಇವಳ ಪಕ್ಕದ ಕುರ್ಚಿಯಲ್ಲಿ ಯಾರೋ ಕೂರುತ್ತಾರೆ, ಅವರ ಹೆಸರು ನಮಗೆ ಗೊತ್ತಿಲ್ಲ, ನಿನಗೆ ಗೊತ್ತು. ಅವರ ಮನೆಯಲ್ಲೂ ಯಾರೋ ಊಟ ಬಿಟ್ಟಿರುತ್ತಾರೆ. ಆ ಯಂತ್ರದ ಮುಂದೆ ಇಬ್ಬರ ಕೈಯೂ ನಡುಗದಿರಲಿ. ಪಟ್ಟಿ ಬಂದ ದಿನ ಇವಳು ಫೋನ್ ಮಾಡಿದರೆ ನನ್ನ ಬಾಯಿಗೆ ಕಾವಲಿಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.