ಕುಳಿ ಬಿದ್ದ ಬಟ್ಟಲು

ನೆಟ್ಟಗೆ ನಿಲ್ಲುವುದೆಲ್ಲ ನಿಷ್ಠೆಯೇ? ನಿಡಸೋಸಿಯಲ್ಲಿ ಹಳೆಯ ಯೆಜ್ಡಿಯೊಂದರ ಕೋನ್ ಸೆಟ್ ಬದಲಿಸುವುದನ್ನು ಕಂಡಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಗಾಡಿಗಳು ಇನ್ನೂ ಓಡುತ್ತಿವೆ. ಹ್ಯಾಂಡಲ್ಲಿನ ಕೊರಳಲ್ಲಿ ಮೇಲೊಂದು, ಕೆಳಗೊಂದು ಉಕ್ಕಿನ ಬಟ್ಟಲು. ಒಳಗೆ ಗ್ರೀಸು ಹಚ್ಚಿದ ಗುಂಡುಗಳು. ಗಾಡಿ ಬಹುಪಾಲು ನೇರವಾಗಿಯೇ ಓಡುವುದರಿಂದ ತಗ್ಗುದಿನ್ನೆಯ ಪೆಟ್ಟೆಲ್ಲ ಬಟ್ಟಲಿನ ಅದೇ ಜಾಗಗಳಿಗೆ ಬಿದ್ದು ಸಣ್ಣ ಕುಳಿಗಳಾಗುತ್ತವೆ. ಆಮೇಲೆ ಹ್ಯಾಂಡಲ್ ನಡುವೆ ಟಕ್ಕೆಂದು ಕೂಡುತ್ತದೆ. ನೋಡುವವರಿಗೆ ಎಷ್ಟು ಸ್ಥಿರ! ಆದರೆ ಎರಡು ಗಾಲಿಯ ಗಾಡಿ ಬೀಳದೆ ಸಾಗಬೇಕಾದರೆ ಹ್ಯಾಂಡಲ್ ಕ್ಷಣಕ್ಷಣವೂ ತುಸು ಅತ್ತಿತ್ತ ಹೊರಳಬೇಕು. ಹೊರಳದಿದ್ದರೆ ಗಾಡಿ ಓಲಾಡುತ್ತದೆ.

“ನಟ್ ಬಿಗಿ ಮಾಡಿದ್ರ ಆಗೂದಿಲ್ರಿ ಅಕ್ಕೋರ. ಗುಂಡಷ್ಟ ಹೊಸಾವು ಹಾಕಿದ್ರೂ ಹಳೀ ಕುಳಿಯೊಳಗ ಕೂಡ್ತಾವ. ಬಟ್ಟಲಾನೂ ಬದಲಿಸಬೇಕ್ರಿ” ಎಂದ ಮಿಸ್ತ್ರಿ.

ಸೊಸೆಯಾಗಿದ್ದಾಗ ಎಲ್ಲರ ಊಟವಾದ ಮೇಲೆ ತಣ್ಣಗಾದದ್ದನ್ನು ಉಂಡವಳು, ಅತ್ತೆಯಾದ ಮೇಲೆ ‘ನಮ್ಮ ಮನೆಯ ಪದ್ಧತಿ’ ಎಂದು ಸೊಸೆಯನ್ನೂ ಕಾಯಿಸುತ್ತಾಳೆ. ತಾನು ಪೆಟ್ಟು ತಿಂದ ಜಾಗವನ್ನೇ ನೇಮವೆನ್ನುತ್ತಾಳೆ. ಮನೆಗೆ ಹೊಸಬಳು ಬಂದರೂ ಹಳೆಯ ಕುಳಿಯಲ್ಲೇ ಕೂಡುತ್ತಾಳೆ.

ಹೊರಳಬಲ್ಲದ್ದು ಹೊರಳದೆ ನಿಂತರೆ ಅದು ನಿಷ್ಠೆ. ಹೊರಳಲಾರದೆ ನಿಂತದ್ದು ಬರೀ ಸವೆತ. ನಮ್ಮ ಒಂದೊಂದು ನೇಮವನ್ನೂ ಆಗಾಗ ತಿರುಗಿಸಿ ನೋಡಬೇಕು, ಅಲ್ಲವೇ?